ಸಿಕ್ಕು ಬಿಡಿಸುವ ಮನೆ

ಗಂಗಾವತಿ
೯ ಆಗಸ್ಟ್ ೨೦೦೪

ಪ್ರೀತಿಯ ಅವ್ವನಿಗೆ ಭವಾನಿಯ ನಮಸ್ಕಾರ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಕೂತಲ್ಲಿ ಕೂರಲಾಗುತ್ತಿಲ್ಲ. ಇದನ್ನೂ ಬಾಗಿಲು ತೆರೆದಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಪೇಪರ್ ಓದಿಸಿಕೊಂಡೆಯಾ? ಯಲಬುರ್ಗಾ ದಾರಿಯ ಮಾನಸಿಕ ರೋಗಿಗಳ ಆಶ್ರಮಕ್ಕೆ ಹುಚ್ಚಿಯಂತೆ ನಟಿಸಿ ಹೋಗಿ ಬರೆದವಳು ನಾನೇ. ಸೇರಿಸಲು ಮನೆಯವರೊಬ್ಬರು ಬೇಕಿತ್ತು, ಮದುವೆ ಒಲ್ಲೆನೆಂದಿದ್ದಕ್ಕೆ ಮುನಿಸಿಕೊಂಡಿದ್ದ ಗವಿಸಿದ್ದೇಶಣ್ಣನೇ ಬಂದ. 'ಸೋಮವಾರ ಬಂದು ಕರ್ಕೊಂಡ್ ಹೋಗ್ತೀನಿ' ಎಂದು ಹೇಳಿ ಹೋದ.

ನೀನು ಬಾಚುವಾಗ ಉದುರಿದ ಕೂದಲನ್ನು ಗೋಡೆ ಸಂದಿಗೆ ಸಿಕ್ಕಿಸಿಟ್ಟು, ಕೂದಲಿಗೆ ಬದಲು ಪಿನ್ನು ಕೊಡುವವನಿಗೆ ಕೊಡುತ್ತೀಯಲ್ಲ, ಅಂಥ ಉಂಡೆಗಳು ಅಲ್ಲಿಗೆ ಮೂಟೆಗಟ್ಟಲೆ ಬರುತ್ತವೆ. ರೋಗಿಗಳು, ಕೂಲಿ ಹೆಂಗಸರು ಒಟ್ಟಿಗೆ ಕೂತು, ಚೌರಿ-ಟೋಪನ್ ಮಾಡುವವರಿಗೆ ಮಾರಲು ಅವುಗಳ ಸಿಕ್ಕು ಬಿಡಿಸಬೇಕು. ನೀರು ಕುಡಿಯಲು ಎದ್ದರೂ ರೋಗಿಗೆ ಕೋಲಿನೇಟು. ಕೂಲಿಯವಳಾದರೆ ಮೇಸ್ತ್ರಿ ಹಿಂದೆಯೇ ಬಂದು ಮೈ ಮುಟ್ಟುತ್ತಾನೆ. ಉದ್ದ ಕೂದಲಿನ ರೋಗಿ ಬಂದರೆ ಹೇನಾಗಿವೆ ಎಂದು ಬೋಳಿಸಿ, ಅದನ್ನೂ ಮೂಟೆಗೆ ಸೇರಿಸುತ್ತಾರೆ. ನನ್ನದೂ ಹೋಯಿತು. ಅತ್ತುಬಿಟ್ಟೆ, ಅವ್ವ.

ಮಾರೆವ್ವ ಎಂಬ ರೋಗಿಯ ಜಡೆಗಟ್ಟಿದ ತಲೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. 'ಹುಲಿಗೆಮ್ಮ ದೇವಿ ಕೊಟ್ಟ ಜಡಿ ಐತಿ, ಕತ್ತರಿ ಹಚ್ಚಿದ್ರ ನಿನ್ನ ಮನಿ ಉಳಿಯೂದಿಲ್ಲ' ಎಂದು ಮಾಲೀಕ ಗಾದಿಲಿಂಗಪ್ಪನನ್ನೇ ಹೆದರಿಸಿದ್ದಳು. ನನ್ನ ಕಿವಿಯಲ್ಲಿ, 'ಬೆಲ್ಲದ ನೀರು ಹಚ್ಚಿ ಗಂಟು ಮಾಡ್ಕೊಂಡೀನಿ, ಯಾರಿಗೂ ಹೇಳಬ್ಯಾಡ' ಎಂದು ನಕ್ಕಳು. ಇವಳಿಗೆ ಹುಚ್ಚಂತೆ!

ಸೋಮವಾರ ಅಣ್ಣ ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದುಕೊಂಡೆ. ನಾನು ಪತ್ರಕರ್ತೆ ಎಂದು ಕಿರುಚಿದ್ದಕ್ಕೆ ಗಾದಿಲಿಂಗಪ್ಪ, 'ಇಲ್ಲಿ ಒಬ್ಬಾಕಿ ಡಿಸಿ ಅದಾಳ, ಒಬ್ಬಾಕಿ ಲಕ್ಷ್ಮೀದೇವಿ ಅದಾಳ. ನೀ ಪೇಪರ್‌ನಾಕಿ ಆಗು' ಎಂದ. ಮಾತ್ರೆ ಹೆಚ್ಚಿಸಿದರು. ಆದರೆ ಮರುದಿನದಿಂದ ನನ್ನೊಬ್ಬಳ ಊಟಕ್ಕೆ ಒಂದು ಲೋಟ ಮಜ್ಜಿಗೆ ಬರತೊಡಗಿತು.

ದೇವಿಯ ಹೆಸರಲ್ಲಿ ಜೋಗ ಬೇಡಲು ಮಾರೆವ್ವನನ್ನು ಮಂಗಳವಾರ ಹೊರಗೆ ಬಿಡುತ್ತಿದ್ದರು. ಹೋಗಲು ಮನೆಯಿಲ್ಲದವಳು ಸಂಜೆ ತಾನೇ ಮರಳುತ್ತಿದ್ದಳು. ಅವಳೇ ನಮ್ಮ ಸಂಪಾದಕರ ನಂಬರ್ ಬಾಯಿಪಾಠ ಮಾಡಿಕೊಂಡು ಹೋಗಿ ಫೋನ್ ಮಾಡಿಸಿದಳು. ಪೊಲೀಸರ ಜೊತೆ ಅವರು ಬಂದರು. ಈಗ ಮಾರೆವ್ವ ನನ್ನ ಕೋಣೆಯಲ್ಲೇ ಇದ್ದಾಳೆ, ಸೀಗೆಕಾಯಿ ಹಚ್ಚಿ ತನ್ನ ಗಂಟು ಬಿಡಿಸುತ್ತ ಕೂತಿದ್ದಾಳೆ.

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವುದನ್ನು ಬಿಡಬೇಡ. ನನ್ನ ಬೋಳುತಲೆಯ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ ಮಗಳು
ಭವಾನಿ

ತಾ.ಕ.: ಇದನ್ನು ಬರೆಯಲು ಕೈ ಬರುತ್ತಿರಲಿಲ್ಲ. ಅಣ್ಣನಿಗೆ ಬಸ್ಸು ತಪ್ಪಿರಲಿಲ್ಲವಂತೆ. ಪೊಲೀಸರ ಮುಂದೆ ಗಾದಿಲಿಂಗಪ್ಪ ಬಾಯಿಬಿಟ್ಟ: 'ಇವರಣ್ಣನೇ ಫೋನ್ ಮಾಡಿದ್ದ ರೀ. ಆಕಿ ಮದುವಿಗೆ ಒಪ್ಪೂತನಕಾ ಅಲ್ಲೇ ಇಟ್ಕೊರ್ರಿ ಅಂದ. ಆಮ್ಯಾಲ ಒಬ್ಬ ವಯಸ್ಸಾದ ಹೆಣ್ಣಮಗಳು ಅವನ ಕಡಿಂದ ಫೋನ್ ಇಸ್ಕೊಂಡು, ಆಕಿಗೆ ಮಜ್ಜಿಗಿ ಇಲ್ದ ಅನ್ನ ಇಳಿಯೂದಿಲ್ಲ, ದಿನಾ ಕೊಡ್ರಿ ಅಂದ್ಳು.'

ದಿನಾ ಕೊಟ್ಟರು, ಅವ್ವ. ನಾನು ಕುಡಿದೆ.