ಕೆಂಪು ಗುರುತಿನ ಮನೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಕೆಮ್ಮು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಕಂಪ್ಯೂಟರಿನ ಮುಂದೆಯೇ ಬಿಸ್ಕತ್ತು ಕಡಿಯುತ್ತಾ ಕೂತಿರುತ್ತೀಯಾ? ನನ್ನ ಮಂಡಿನೋವು ನನ್ನನ್ನು ಬಿಟ್ಟು ಎಲ್ಲೂ ಹೋಗಿಲ್ಲ. ನಿಮ್ಮಪ್ಪನ ಆರೋಗ್ಯಕ್ಕೆ ಏನೂ ಧಾಡಿಯಿಲ್ಲ. ಬುದ್ಧಿಯ ವಿಷಯ ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕಿವಿ ಕೊಟ್ಟು ಕೂತಿರುತ್ತಾರೆ.

ನಿಮ್ಮ ಹವಾಮಾನ ಕಚೇರಿಯಿಂದ ತಂದು ಬೀದಿಯ ಮನೆಮನೆಗೂ ಮಳೆ ಅಳೆಯುವ ಯಂತ್ರ ಕೊಟ್ಟೆಯಲ್ಲ, ಅದರ ಕಥೆ ಹೇಳಲೂ ಅಸಹ್ಯವಾಗುತ್ತದೆ. ಕಳೆದ ವಾರದ ಮಳೆಯಲ್ಲಿ ಇಳಿಜಾರಿನ ತುದಿಯಲ್ಲಿರುವ ನಿನ್ನ ಚಿಕ್ಕಮ್ಮನ ಮನೆಗೆ ಚರಂಡಿ ನೀರು ನುಗ್ಗಿತು. ಮಳೆ ಜೋರಾದರೆ ಬರಬೇಕಿದ್ದ ನಿಮ್ಮ ಕಚೇರಿಯ ಎಚ್ಚರಿಕೆಯ ಫೋನು ಬರಲೇ ಇಲ್ಲ. ಕಾಲು ಸ್ವಾಧೀನವಿಲ್ಲದ ಅವಳು ಮಂಚದ ಮೇಲೆ ಮುದುರಿ ಕೂತಿದ್ದಳು, ಕೆಳಗೆ ಬೀದಿಯ ಕೊಳೆಯೆಲ್ಲ ತೇಲುತ್ತಿತ್ತು. ನಾನೂ ನಿಮ್ಮಪ್ಪನೂ ಹೊತ್ತುಕೊಂಡು ಬಂದೆವು. ಎಷ್ಟು ಒಗೆದರೂ ಆ ನಾತ ಬಟ್ಟೆ ಬಿಟ್ಟಿಲ್ಲ.

ಎಚ್ಚರಿಕೆ ಯಾಕೆ ಬರಲಿಲ್ಲವೆಂದು ಮೊನ್ನೆ ಮನೆಮನೆ ಸುತ್ತಿದೆ. ಎದುರುಮನೆ ಮೇಷ್ಟ್ರು ಯಂತ್ರವನ್ನು ತಗಡಿನ ಸೂರಿನ ಕೆಳಗೆ ಇಟ್ಟಿದ್ದಾರೆ. "ದುಬಾರಿ ಸಾಮಾನು ಕಣಮ್ಮ, ನೆನೆದ್ರೆ ಕೆಟ್ಟೋಗುತ್ತೆ" ಅಂದರು. ಅವರನ್ನು ನೋಡಿ ಔಷಧಿ ಅಂಗಡಿಯವರು ಬಾಲ್ಕನಿಯೊಳಗೆ, ದರ್ಜಿ ಕಿಟಕಿಯೊಳಗೆ. ಮಳೆ ಅಳೆಯುವ ಯಂತ್ರಕ್ಕೆ ಮಳೆ ತಾಗಬಾರದಂತೆ. ಗಾಳಿಗೆ ಹಾರಿ ಬಂದ ಹನಿಯಷ್ಟೇ ಅವರ ಲೆಕ್ಕ. ತೆರೆದ ತಾರಸಿಯ ಮೇಲಿದ್ದದ್ದು ನಮ್ಮದೊಂದೇ. ನಿಮ್ಮ ಕಚೇರಿಯ ಕಂಪ್ಯೂಟರು ಅಕ್ಕಪಕ್ಕದವರ ಲೆಕ್ಕಕ್ಕೆ ಹೊಂದಲಿಲ್ಲವೆಂದು ನಮ್ಮದೇ ಸುಳ್ಳೆಂದು ಫೋನಿನಲ್ಲಿ ಕೆಂಪು ಗುರುತು ಹಾಕಿ ಮೂಲೆಗೆ ಎಸೆಯಿತು. ಒಣ ಯಂತ್ರಗಳಿಗೆಲ್ಲ ಹಸಿರು. ಥೂ, ಇದೂ ಒಂದು ಅಳತೆಯೇ?

ನಿಮ್ಮಪ್ಪನಿಗೆ ಆ ಕೆಂಪು ಗುರುತು ತಲೆ ತಿಂದಿತು. ಮೇಷ್ಟ್ರು ಬೇರೆ, "ನಿಮ್ಮ ಮನೆ ಮೇಲೆ ಮಾತ್ರ ಆಕಾಶ ತೂತಾಗಿದೆಯಾ?" ಎಂದು ಬೀದಿಯಲ್ಲೇ ನಕ್ಕರಂತೆ. ನಿನ್ನೆ ಇವರೂ ನಮ್ಮ ಯಂತ್ರವನ್ನು ನೀರಿನ ಟ್ಯಾಂಕಿನ ಅಡಿಗೆ ತಳ್ಳಿದರು. ಸಂಜೆ ಮಳೆ ಬಂದು ಹಸಿರು ಗುರುತು ಬಿದ್ದದ್ದೇ ತಡ, ಫೋನು ಹಿಡಿದು ನನಗೆ ತೋರಿಸಿದ್ದೂ ತೋರಿಸಿದ್ದೇ. ನಾದಿನಿಯನ್ನು ಕೊಳಚೆಯಿಂದ ಹೊತ್ತು ತಂದ ಮನುಷ್ಯ ಇವರೇನಾ ಅನ್ನಿಸಿತು. ನನಗೆ ಮುಖ ನೋಡಲೂ ಮನಸ್ಸಾಗಲಿಲ್ಲ.

ಚಿಕ್ಕಮ್ಮ ಹಠ ಹಿಡಿದು ತನ್ನ ಮನೆಗೇ ವಾಪಸ್ಸು ಹೋಗಿದ್ದಾಳೆ. "ಈ ಸಲ ಫೋನು ಬಂದೇ ಬರುತ್ತೆ ಬಿಡಕ್ಕ, ನಮ್ಮ ಹುಡುಗಿ ಇದಾಳಲ್ಲ ಅಲ್ಲಿ" ಎನ್ನುತ್ತಾಳೆ.

ಸಿಟ್ಟು ಯಾರ ಮೇಲಿದ್ದರೂ ನಿನಗೆ ನನ್ನ ಆಶೀರ್ವಾದ ಇದ್ದದ್ದೇ. ಬಿಸಿನೀರು ಕುಡಿ.

ನಿನ್ನ ಅಮ್ಮ

ತಾ.ಕ.: ನಿಮ್ಮಪ್ಪ ಈಗಷ್ಟೇ ಮಲಗಿದರು. ಮಂಡಿ ಎಳೆದುಕೊಂಡು ಮೇಲೆ ಹೋಗಿ ಯಂತ್ರವನ್ನು ಮತ್ತೆ ಬಯಲಿಗೆ ಇಟ್ಟು ಬಂದೆ, ಅವರಿಗೆ ಹೇಳಬೇಡ. ಇನ್ನು ನಮ್ಮ ಮನೆಗೆ ಕೆಂಪು ಗುರುತು ಬಿದ್ದದ್ದು ಕಂಡರೆ ಕಚೇರಿಯಲ್ಲಿ ಯಾರನ್ನೂ ಕೇಳುತ್ತಾ ಕೂರಬೇಡ. ಮೊದಲು ಚಿಕ್ಕಮ್ಮನಿಗೆ ಫೋನು ಮಾಡು.