ನಕ್ಷೆಯಲ್ಲಿರುವ, ಕಮರಿಯಲ್ಲಿಲ್ಲದ ಇಳಿಜಾರು

ನಕ್ಷಾ ಇಲಾಖೆಯ ಮಾನ್ಯ ನಿರ್ದೇಶಕರೇ,

ತಾವು ಹೋದ ತಿಂಗಳು ಬಿಡುಗಡೆ ಮಾಡಿದ ನದಿ ಕಮರಿಯ ನಕ್ಷೆ ತಪ್ಪಾಗಿದೆ. ಅದನ್ನು ನಂಬಿ ನನ್ನ ಮಗಳು ನಾಳೆ, ಗುರುವಾರ ಬೆಳಿಗ್ಗೆ, ಆ ಕಮರಿಗೆ ಇಳಿಯುತ್ತಾಳೆ. ಐದು ದಿನದಲ್ಲಿ ನಾಲ್ಕು ಅರ್ಜಿ ಕೊಟ್ಟೆ. ನಾಲ್ಕೂ ತಮ್ಮ ಕೃಪೆಯಿಂದ ‘ಪರಿಶೀಲನೆಯಲ್ಲಿವೆ’. ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ತಪ್ಪು ಯಾರದೆಂದು ಸಮಿತಿ ನೇಮಿಸುವ ಶ್ರಮ ತಮಗೆ ಬೇಡ. ನನ್ನದೇ. ತಮ್ಮ ಕಚೇರಿಯ ಎರಡನೇ ಮಹಡಿಯಲ್ಲಿ ಮೂವತ್ತೊಂದು ವರ್ಷ ನಕ್ಷೆ ಬರೆದವನು ನಾನು. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಕಮರಿಯ ಮೂಡಣ ಗೋಡೆ ಪೂರ್ತಿ ನೆರಳಿನಲ್ಲಿತ್ತು. ಕಾಣದ ನೆಲದ ಮೇಲೆ ಎತ್ತರ ತೋರಿಸುವ ಗೆರೆಗಳನ್ನು ತುಂಡುತುಂಡಾಗಿ ಎಳೆಯಬೇಕು. ‘ಇಲ್ಲಿ ನಮಗೆ ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳುವ ರೀತಿ ಅದು. ಹಾಗೇ ಎಳೆದಿದ್ದೆ. ಮೇಲ್ವಿಚಾರಕರು ಬಗ್ಗಿ ನೋಡಿ, “ಏನ್ರೀ ಇದು, ಇಲಿ ಕಡಿದ ಹಾಗಿದೆ! ನಾಳೆ ಸಾಹೇಬ್ರು ನೋಡ್ತಾರೆ, ಸೇರಿಸಿಬಿಡಿ” ಅಂದರು. ನಿವೃತ್ತಿಗೆ ಹನ್ನೊಂದು ದಿನ ಉಳಿದಿತ್ತು. ಸೇರಿಸಿಬಿಟ್ಟೆ. ಗೆರೆಗಳು ಸಮ ಅಂತರದಲ್ಲಿ ಅಂದವಾಗಿ ಕೂತು, ಎಮ್ಮೆಯೂ ಇಳಿಯಬಹುದಾದ ಇಳಿಜಾರೊಂದು ಹುಟ್ಟಿತು. ತಾವು ಬೆನ್ನು ತಟ್ಟಿದಿರಿ.

ಮಗಳು ನದಿಯ ನೀರು ಅಳೆಯುವ ಐದು ಜನರ ತಂಡದವಳು. ಹತ್ತು ದಿನದ ಹಿಂದೆ ಹೊರಡುವಾಗ ಆ ನಕ್ಷೆಯನ್ನು ಚೀಲಕ್ಕೆ ಹಾಕಿಕೊಂಡು, “ನೀನೇ ಬರೆದಿದ್ದಲ್ವಾಪ್ಪ, ಇನ್ನೇನು ಭಯ?” ಅಂದಳು. ನಾನು ಹಿಗ್ಗಿದೆ. ನಾಚಿಕೆಯಾಗುತ್ತದೆ, ಆದರೂ ಹೇಳಬೇಕು, ಹಿಗ್ಗಿದೆ. ಅವಳು ಹೋದ ಮೇಲೆ, ಆ ಕಡೆಯೆಲ್ಲ ಕಾಲಲ್ಲಿ ತಿರುಗಿದ ಹಳೆಯ ಸರ್ವೆಯವರೊಬ್ಬರು ಮನೆಗೆ ಬಂದರು. ನಕ್ಷೆಯ ಮೇಲೆ ಬೆರಳಿಟ್ಟು, “ಇಲ್ಲೆಲ್ಲಿದೆಯಪ್ಪಾ ಇಳಿಜಾರು? ನೆಟ್ಟಗೆ ನೂರೆಂಬತ್ತು ಅಡಿ ಬಂಡೆ ಇದು. ಅಂಚಲ್ಲಿ ಹುಲ್ಲು ಬೆಳೆದಿರುತ್ತೆ, ಕಾಲಿಡೋ ತನಕ ಗೊತ್ತಾಗಲ್ಲ” ಅಂದರು. ಅವತ್ತೇ ತಮಗೆ ಮೊದಲ ಅರ್ಜಿ ಬರೆದೆ.

ಅಲ್ಲಿ ಫೋನು ಹಿಡಿಯುವುದಿಲ್ಲ. ತಮ್ಮ ವೈರ್‌ಲೆಸ್ ಮಾತ್ರ ಅವರನ್ನು ಮುಟ್ಟುತ್ತದೆ. ಆ ಕೋಣೆಯ ಬಾಗಿಲಲ್ಲಿ ನಿಂತು ಕೈ ಮುಗಿದೆ. “ಸಾರ್, ಇಲಾಖೆ ನಕ್ಷೆ ತಪ್ಪು ಅಂತ ನಾನು ಹೇಗೆ ಹೇಳ್ಲಿ? ಮೇಲಿಂದ ಆದೇಶ ಬರ್ಬೇಕು” ಅಂದರು ವೈರ್‌ಲೆಸ್ ನಡೆಸುವವರು. ಇಲಾಖೆಯ ಮಾನ ದೊಡ್ಡದು, ಒಪ್ಪಿದೆ. ಆದರೆ ಐದು ಜನರ ಕಾಲ ಕೆಳಗೆ ನೆಲವೂ ಇರಬೇಕಲ್ಲವೇ?

ಇವತ್ತೇ ಆದೇಶ ಕೊಡಿ. ಮೂಡಣ ಗೋಡೆಯ ಕಡೆ ಇಳಿಯಬೇಡಿ ಎಂಬ ಒಂದೇ ಮಾತು ಅವರಿಗೆ ಮುಟ್ಟಿಸಿ. ಇಲಾಖೆ ತಪ್ಪಿತು ಅನ್ನಬೇಡಿ. ನಿನ್ನ ಅಪ್ಪ ಕಾಣದ್ದನ್ನು ಕಂಡಂತೆ ಬರೆದ ಎಂದು ನನ್ನ ಮಗಳಿಗೆ ಹೇಳಿ. ಇನ್ನು ಜನ್ಮದಲ್ಲಿ ಅವಳು ನನ್ನನ್ನು ನಂಬದಿದ್ದರೂ ಸರಿ. ಬದುಕಿ ಬಂದು, ಆ ಮಾತನ್ನು ನನ್ನ ಮುಖಕ್ಕೇ ಹೇಳಲಿ.

ಇಂತಿ,
ಸದ್ಯಕ್ಕೆ ಇನ್ನೂ ಅವಳ ಅಪ್ಪನಾಗಿರುವ,
ನಿವೃತ್ತ ನಕ್ಷೆಗಾರ