ಬಂದರಿನ ಗೋಡೆಯ ಬಳಿ ಆಡಿದ ಮಾತು

ಕಿಲೆಲೆಶ್ವಾ, ನೈರೋಬಿ
ಶುಕ್ರವಾರ, ೪ ಅಕ್ಟೋಬರ್ ೨೦೨೪

ಪ್ರೀತಿಯ ಕಾತ್ಯಾಯಿನಿಗೆ,

ಹೇಗಿದ್ದೀಯ? ಮಂಡಿನೋವು ಈಗ ಹೇಗಿದೆ? ಆ ಮನೆಯ ಮೆಟ್ಟಿಲುಗಳು ಬಹಳ ಕಡಿದು, ಒಂದು ಕೈಯಲ್ಲಿ ಬಕೆಟ್ಟು ಹಿಡಿದು ಇಳಿಯಬೇಡ. ಅಮೂಲ್ಯಾಳ ಸೊಂಟಕ್ಕೆ ದಿನವೂ ಎಣ್ಣೆ ಹಚ್ಚುತ್ತಿದ್ದೀಯ ತಾನೆ? ಅವಳು ಬೇಡ ಅಂತಾಳೆ, ಇಂಗ್ಲಿಷಿನಲ್ಲಿ ವಾದ ಮಾಡ್ತಾಳೆ, ನೀನು ಕಿವಿಗೆ ಹಾಕಿಕೊಳ್ಳಬೇಡ. ಪಾಪು ಈಗ ಮುಷ್ಟಿ ಬಿಚ್ಚಿ ಮಲಗುತ್ತಾಳಾ? ನಾನಿಲ್ಲಿ ಚೆನ್ನಾಗಿದ್ದೇನೆ. ಮನೆಗೆಲಸದ ಮಾಮಾ ವಂಜಿರು ಚಪಾತಿ ಮಾಡಿಟ್ಟು ಹೋಗುತ್ತಾಳೆ, ಸಾರು ನಾನೇ ಮಾಡಿಕೊಳ್ಳುತ್ತೇನೆ. ನಿನ್ನೆ ನವರಾತ್ರಿ ಶುರುವಾಯಿತು. ನೀನಿಲ್ಲದೆ ಬೊಂಬೆ ಪೆಟ್ಟಿಗೆ ಇಳಿಸಲು ಮನಸ್ಸು ಬರಲಿಲ್ಲ, ದೀಪ ಮಾತ್ರ ಹಚ್ಚಿದೆ.

ದಿನಾ ಫೋನಿನಲ್ಲಿ ಮಾತಾಡುವವರು ಇದೇನು ಕಾಗದ ಬರೆದಿದ್ದಾರೆ ಅಂತ ನಿನಗೆ ಗಾಬರಿಯಾಗಬಹುದು. ಫೋನ್ ಯಾವಾಗಲೂ ಅಮೂಲ್ಯಾಳ ಕೈಯಲ್ಲಿರುತ್ತದೆ. ಮಾತಾಡಿದರೆ ಸ್ಪೀಕರ್ ಹಾಕುತ್ತಾಳೆ, ಮೆಸೇಜ್ ಕಳಿಸಿದರೆ ಅವಳೇ ನಿನಗೆ ಓದಿ ಹೇಳುತ್ತಾಳೆ. ಕನ್ನಡ ಅಕ್ಷರ ಮಾತ್ರ ಅವಳಿಗೆ ಬರುವುದಿಲ್ಲ. ಚಿಕ್ಕವಳಿದ್ದಾಗ ಕಲಿಸು ಕಲಿಸು ಅಂತ ನಿನ್ನನ್ನು ಎಷ್ಟು ಬೈದಿದ್ದೆ. ಈಗ ಅದೇ ಅನುಕೂಲವಾಗಿದೆ ನೋಡು. ಇಲ್ಲಿ ಸೌತ್ ಬಿ ಬಡಾವಣೆಯ ನಮ್ಮ ಮೆಲ್ವಿನ್ ಮೀನು ಕಳಿಸುವ ಕಂಪನಿಯಲ್ಲಿದ್ದಾನಲ್ಲ, ಅವನು ಇವತ್ತು ಸ್ಪೇನಿಗೆ ಹೊರಟಿದ್ದಾನೆ. ವೀಗೊ ಪಟ್ಟಣದಲ್ಲಿ ಮೀನು ವ್ಯಾಪಾರದವರ ಮೇಳವಂತೆ. ಅಲ್ಲಿಂದ ಅಮೂಲ್ಯಾಳ ಊರಿಗೆ ಒಂದು ಗಂಟೆ ದಾರಿ, ಭಾನುವಾರ ಬಂದು ಈ ಕಾಗದ ನಿನ್ನ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಹಿತ್ತಿಲಿನಲ್ಲಿ ಬಟ್ಟೆ ಒಣಹಾಕುವ ಜಾಗಕ್ಕೆ ಹೋಗಿ ಒಬ್ಬಳೇ ಕೂತು ಓದು.

ನಾನು ಅಲ್ಲಿದ್ದಾಗ ಒಂದು ಗುರುವಾರ ನಮ್ಮ ಅಳಿಯ ಬ್ರಾಯ್ಸ್‌ನ ದೋಣಿ ತಡವಾಗಿ ಬಂತಲ್ಲ, ಸೆಪ್ಟೆಂಬರ್ ಹತ್ತೊಂಬತ್ತು. ಇಂಜಿನ್ ಕೆಟ್ಟಿತ್ತು ಅಂತ ನಿಮಗೆ ಹೇಳಿದೆವು. ಇಂಜಿನ್ ಕೆಟ್ಟಿದ್ದು ನಿಜ. ಉಳಿದದ್ದನ್ನು ಹೇಳಲಿಲ್ಲ.

ಆ ದಿನ ಮಧ್ಯಾಹ್ನ ನೀನು ಬಾಣಂತಿ ಸಾರಿಗೆ ಮೆಣಸು ಹುರಿಯುತ್ತಿದ್ದೆ. ಬ್ರಾಯ್ಸ್‌ನ ಅಪ್ಪ ಸೆವೆರೀನೊ ಬಾಗಿಲಲ್ಲಿ ನಿಂತು ನನ್ನನ್ನು ಕೈಸನ್ನೆ ಮಾಡಿ ಕರೆದರು. ನೀನು ಮತ್ತೆ ಮೀನು ತಂದರೇನೋ ಅಂದುಕೊಂಡು ಮೂಗು ಮುಚ್ಚಿಕೊಂಡೆ, ನೆನಪಿದೆಯಾ? ಪಾಪ, ನಮಗೆ ಅಂತಲೇ ಬರೀ ಸೊಪ್ಪಿನ ಸಲಾಡ್ ಮಾಡಿಸಿ, ಮೇಲೆ ಇಷ್ಟು ಟೂನಾ ಮೀನು ಉದುರಿಸಿ, ಇದು ಮಾಂಸ ಅಲ್ಲ ಅಂತ ಪ್ರಮಾಣ ಮಾಡಿದ ಮನುಷ್ಯ. ಆ ದಿನ ಅವರ ಕೈಯಲ್ಲಿ ಏನೂ ಇರಲಿಲ್ಲ. ತಿರುಗಾಡಿ ಬರುತ್ತೇನೆ ಅಂತ ನಿನಗೆ ಹೇಳಿ ಅವರ ಹಿಂದೆ ಹೋದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಂದರಿನ ಕೊನೆಯ ದೀಪ ಕಾಣುತ್ತಿರಲಿಲ್ಲ. ಒಂದು ಗಂಟೆಗೆಲ್ಲ ಬರಬೇಕಾದ ಐದು ದೋಣಿಗಳಲ್ಲಿ ನಾಲ್ಕು ಬಂದು ಕಟ್ಟಿ ನಿಂತಿದ್ದವು. ಬ್ರಾಯ್ಸ್‌ನದು ಇರಲಿಲ್ಲ. ವೈರ್‌ಲೆಸ್‌ನಲ್ಲಿ ಎರಡು ಗಂಟೆಯಿಂದ ಸದ್ದಿಲ್ಲ.

ಗೋಡೆಯ ಉದ್ದಕ್ಕೂ ಹೆಂಗಸರು ನಿಂತಿದ್ದರು. ಒಬ್ಬರೂ ಅಳುತ್ತಿರಲಿಲ್ಲ. ನನಗೆ ಯಾರೋ ಒಬ್ಬಾಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಆಗಲೇ ಕಣೇ ನನಗೆ ನಿಜವಾಗಿ ಹೆದರಿಕೆಯಾಗಿದ್ದು.

ನಾಲ್ಕೂವರೆಗೆ ಮನೆಗೆ ಓಡಿ ಬಂದೆ. ಅಮೂಲ್ಯಾಳ ಫೋನಿಗೆ ಯಾರಾದರೂ ಸುದ್ದಿ ಹಾಕಿಬಿಟ್ಟರೆ ಅಂತ ಭಯ. ಅವಳು ಹಾಲು ಕುಡಿಸುತ್ತಿದ್ದಳು. "ಅಪ್ಪಾ, ವೇರ್ ಈಸ್ ಬ್ರಾಯ್ಸ್? ಹೀ ಈಸ್ ಲೇಟ್" ಅಂದಳು. ನಾನು, "ಹರಾಜು ಕಟ್ಟೆಯಲ್ಲಿದ್ದಾನೆ ಕಣಮ್ಮ, ಈಗ ಕಣ್ಣಾರೆ ನೋಡಿ ಬಂದೆ" ಅಂದೆ. ಮಗಳ ಮುಖ ನೋಡಿಕೊಂಡೇ ಅಂದೆ. ನನ್ನ ಫೋನಿನಲ್ಲಿ ಚಾರ್ಜಿಲ್ಲ, ನೈರೋಬಿಯ ಫ್ಯಾಕ್ಟರಿಗೆ ಮಾತಾಡಬೇಕು ಅಂತ ಅವಳ ಫೋನ್ ತೆಗೆದುಕೊಂಡು ಜೇಬಿಗೆ ಹಾಕಿ ಹೊರಟೆ. ನೀನು ಅಡುಗೆಮನೆಯಿಂದ ಕಾಫಿ ಕುಡಿದು ಹೋಗಿ ಅಂತ ಕೂಗಿದೆ. ಕೇಳಿಸದವನ ಹಾಗೆ ಬಾಗಿಲೆಳೆದುಕೊಂಡು ಮೆಟ್ಟಿಲಿಳಿದೆ.

ಐದೂ ಮುಕ್ಕಾಲಿಗೆ ಇನ್ನೊಂದು ದೋಣಿ ಅವನದನ್ನು ಎಳೆದುಕೊಂಡು ಬಂತು. ಬ್ರಾಯ್ಸ್ ಯಾರದೋ ಸ್ವೆಟರ್ ಹಾಕಿಕೊಂಡು ಕೂತಿದ್ದ. ಇದ್ಯಾರದ್ದು ಅಂತ ಆಮೇಲೆ ನೀನು ಕೇಳಿದೆ, ಅವನ ಬಟ್ಟೆಗೆ ಮೀನಿನ ರಕ್ತ ಆಗಿತ್ತು ಅಂತ ನಾನೇ ಹೇಳಿದೆ. ಸುಳ್ಳು. ಕೆಟ್ಟ ಇಂಜಿನ್ ಬಿಚ್ಚುತ್ತಿದ್ದಾಗ ಅಲೆ ಬಡಿದು ಅವನು ಸಮುದ್ರಕ್ಕೆ ಬಿದ್ದಿದ್ದ. ಹತ್ತು ನಿಮಿಷ ಆ ಮಂಜಿನಲ್ಲಿ ಜೊತೆಯವರಿಗೆ ಅವನು ಕಾಣಲೇ ಇಲ್ಲ. ಕೂಗಿನ ಸದ್ದು ಹಿಡಿದು ಹಗ್ಗ ಎಸೆದರಂತೆ. ಬಾಣಂತಿಗೆ ಈಗಲೇ ಹೇಳುವುದು ಬೇಡ ಅಂತ ದೋಣಿಯವರೆಲ್ಲ ಒಪ್ಪಿಕೊಂಡರು. ನಾನೂ ಒಪ್ಪಿದೆ. ಅಷ್ಟರ ಮಟ್ಟಿಗೆ ತಪ್ಪೇನಿರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ತಪ್ಪಾಗಿದ್ದು ಆಮೇಲೆ. ಮನೆಗೆ ಬರುವ ಮುಂಚೆ ಬ್ರಾಯ್ಸ್ ನನ್ನನ್ನು ಗೋಡೆಯ ಮರೆಗೆ ಕರೆದುಕೊಂಡು ಹೋದ. ಸ್ವಂತ ಅಪ್ಪನ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂದ. ಅಮೂಲ್ಯಾಳಿಂದ ಕಲಿತ ಹಾಗೆ "ಅಪ್ಪಾ" ಅಂತ ಕರೆದು, ತನ್ನ ಅರೆಬರೆ ಇಂಗ್ಲಿಷಿನಲ್ಲಿ, ಇನ್ನು ನನ್ನಿಂದ ಸಮುದ್ರಕ್ಕೆ ಹೋಗಲು ಆಗುವುದಿಲ್ಲ, ನೀರಿನೊಳಗೆ ಪಾಪುವಿನ ಮುಖ ಜ್ಞಾಪಿಸಿಕೊಳ್ಳಲು ನೋಡಿದೆ, ಬರಲೇ ಇಲ್ಲ ಅಂದ. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟ. ಆರಡಿ ಆಳು, ನನ್ನ ತೋಳು ಹಿಡಿದುಕೊಂಡು. ನಾನೇನು ಮಾಡಿದೆ ಗೊತ್ತಾ? ಕೈ ಬಿಡಿಸಿಕೊಂಡೆ. ಮಗು ಹುಟ್ಟಿ ಎರಡು ವಾರ ಆಗಿಲ್ಲ, ಗಂಡಸಾದವನು ಹೀಗೆ ಅಳುತ್ತಾ ಕೂತರೆ ಸಂಸಾರ ಯಾರು ನೋಡುತ್ತಾರೆ, ಸೋಮವಾರ ಹೋಗು, ಒಂದು ಸಲ ಹಿಂದೆ ಸರಿದರೆ ಜನ್ಮದಲ್ಲಿ ಮತ್ತೆ ಹತ್ತುವುದಿಲ್ಲ ಅಂದೆ. ಇಷ್ಟನ್ನೂ ಅವನಿಗೆ ಅರ್ಥವಾಗುವ ಹಾಗೆ ನಿಧಾನವಾಗಿ, ಒಂದೊಂದೇ ಪದ ಬಿಡಿಸಿ ಹೇಳಿದೆ. ಅವನು ಕಣ್ಣೊರೆಸಿಕೊಂಡ. "ಯೆಸ್ ಅಪ್ಪಾ" ಅಂದ. ಸೋಮವಾರ ಹೋದ. ಮಾರನೇ ದಿನ ನಾನು ವಿಮಾನ ಹತ್ತಿದೆ.

ಮೊನ್ನೆ ಬುಧವಾರ ಸೆವೆರೀನೊ ಒಂದು ಮೆಸೇಜ್ ಕಳಿಸಿದರು, ಫೋನಿನಿಂದಲೇ ಇಂಗ್ಲಿಷ್ ಮಾಡಿಸಿ. ಅವರ ಮಾತಿನಲ್ಲೇ ಬರೆಯುತ್ತೇನೆ: ಮಗ ದಿನಾ ಬೆಳಿಗ್ಗೆ ದೋಣಿ ಹತ್ತುವ ಮುಂಚೆ ಬಲೆಗಳ ಹಿಂದೆ ಹೋಗಿ ವಾಂತಿ ಮಾಡುತ್ತಾನೆ. ಮಂಗಳವಾರ ಅವನ ಕೈಯಿಂದ ಕೊಕ್ಕೆ ಜಾರಿ ಜೊತೆಯವನ ಕಾಲಿನ ಪಕ್ಕದಲ್ಲೇ ಬಿತ್ತು. ನಾನು ಮನೆಯಲ್ಲಿರು ಅಂದೆ, ದೋಣಿ ಮಾರಿದರಾಯಿತು ಅಂದೆ. ಕೇಳುವುದಿಲ್ಲ. ಅಪ್ಪ ಹೋಗು ಅಂದಿದ್ದಾರೆ ಅನ್ನುತ್ತಾನೆ. ಕೊನೆಯಲ್ಲಿ ಒಂದು ಪ್ರಶ್ನೆ: ಯಾವ ಅಪ್ಪ?

ಎರಡು ದಿನದಿಂದ ನನಗೆ ಊಟ ಸೇರುತ್ತಿಲ್ಲ, ಕಾತೂ. ಫ್ಯಾಕ್ಟರಿಯಲ್ಲಿ ಯಾರು ಕರೆದರೂ ಬೆಚ್ಚಿಬೀಳುತ್ತೇನೆ. ಫೋನ್ ಸದ್ದಾದರೆ ಅಮೂಲ್ಯಾಳದು ಅಂತ ನೋಡಲೂ ಭಯ. ಬ್ರಾಯ್ಸ್‌ಗೆ ಫೋನ್ ಮಾಡಲು ನಾಲ್ಕು ಸಲ ನಂಬರ್ ತೆಗೆದೆ, ಒತ್ತಲಿಲ್ಲ. ಏನಂತ ಹೇಳಲಿ? ಮಗಳಿಗಂತೂ ಹೇಳಲಾರೆ. ಅದಕ್ಕೇ ನಿನ್ನ ಹತ್ತಿರ ಬಂದಿದ್ದೇನೆ. ಭಾನುವಾರವೇ ಅಮೂಲ್ಯಾಳನ್ನು ಕೂರಿಸಿಕೊಂಡು ಎಲ್ಲ ಹೇಳು. ಅವಳು ನನ್ನನ್ನು ಬೈಯಲಿ, ಮಾತು ಬಿಡಲಿ. ಸೋಮವಾರ ಅವನು ದೋಣಿ ಹತ್ತಬಾರದು. ನಾನಾಡಿದ ಮಾತನ್ನು ನಾನೇ ವಾಪಸ್ ತೆಗೆದುಕೊಂಡಿದ್ದೇನೆ ಅಂತ ಅವನಿಗೆ ಅವಳ ಬಾಯಲ್ಲೇ ಹೇಳಿಸು.

ಪಾಪುವಿಗೆ ಅಜ್ಜನ ಮುತ್ತು. ಅಮೂಲ್ಯಾಳ ತಲೆ ಮೇಲೆ ನನ್ನ ಪರವಾಗಿ ಒಂದು ಸಲ ಕೈಯಿಡು. ಸೆವೆರೀನೊ ಅವರಿಗೆ ನಮಸ್ಕಾರ ತಿಳಿಸು. ತಂಡಿಯಲ್ಲಿ ಕಾಲುಚೀಲ ಇಲ್ಲದೆ ಓಡಾಡಬೇಡ.

ನಿನ್ನ
ಗಂಗಾಧರ

ವಿ.ಸೂ.: ಮೆಲ್ವಿನ್ ಗೇಟಿಗೆ ಬಂದಿದ್ದಾನೆ, ಕಾವಲಿನ ಅಸ್ಕಾರಿ ಇಂಟರ್‌ಕಾಮ್‌ನಲ್ಲಿ ಎರಡು ಸಲ ಕರೆದ. ಬೇಗ ಬೇಗ ಬರೆಯುತ್ತಿದ್ದೇನೆ. ಮೇಲಿನದನ್ನು ಮಡಚಿಟ್ಟ ಮೇಲೆ ಭಾನುವಾರದವರೆಗೆ ಕಾಯಲು ಆಗಲಿಲ್ಲ, ಇವತ್ತೂ ಬ್ರಾಯ್ಸ್ ದೋಣಿ ಹತ್ತುವ ದಿನವೇ ಅಲ್ಲವೇ? ಫೋನ್ ಮಾಡಿಬಿಟ್ಟೆ. ಬಂದರಿನಲ್ಲೇ ಇದ್ದ. ನಾನು ಹೇಳಿದ್ದು ತಪ್ಪು, ಹೋಗಬೇಡ, ಭಯ ನನಗೂ ಆಗಿತ್ತು ಅಂದೆ. "ವೆನ್, ಅಪ್ಪಾ?" ಅಂತ ಕೇಳಿದ. ಯಾವಾಗ ಅಂತ ಅವನಿಗೆ ಹೇಳಿದ ಮೇಲೆ ನಿನಗೆ ಹೇಳದೆ ಇರುವುದು ಸರಿಯಲ್ಲ. ಅಮೂಲ್ಯಾಗೆ ಮೂರು ವರ್ಷವಾಗಿದ್ದಾಗ ಫ್ಯಾಕ್ಟರಿಯಲ್ಲಿ ಬಾಯ್ಲರ್ ಒಡೆದು ಇಬ್ಬರಿಗೆ ಸುಟ್ಟಿತಲ್ಲ, ಮಾರನೇ ದಿನವೇ ನಮ್ಮವರು ಧೈರ್ಯವಾಗಿ ಡ್ಯೂಟಿಗೆ ಹೋದರು ಅಂತ ನೀನು ಎಲ್ಲರ ಹತ್ತಿರ ಹೇಳಿಕೊಂಡು ಬಂದೆ. ನಾನು ಹೋಗಲಿಲ್ಲ ಕಣೇ. ಫ್ಯಾಕ್ಟರಿ ಗೇಟು ಕಂಡರೆ ಕಾರು ತಿರುಗಿಸಿಬಿಡುತ್ತಿದ್ದೆ. ಮ್ಯಾನೇಜರ್ ಯಾರಿಗೂ ಗೊತ್ತಾಗದ ಹಾಗೆ ರಜೆ ಕೊಟ್ಟಿದ್ದರು. ಮೂರು ವಾರ ದಿನಾ ಲಂಗಾಟಾ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ, ನೀನು ಕಟ್ಟಿಕೊಟ್ಟ ಡಬ್ಬಿ ಅಲ್ಲೇ ಖಾಲಿ ಮಾಡಿ, ಸಂಜೆ ಮನೆಗೆ ಬರುತ್ತಿದ್ದೆ. ಇಪ್ಪತ್ತೇಳು ವರ್ಷ ನಿನ್ನಿಂದ ಮುಚ್ಚಿಟ್ಟೆ. ಬ್ರಾಯ್ಸ್ ಇವತ್ತು ಹೋಗಲಿಲ್ಲ, ದೋಣಿ ಅವನನ್ನು ಬಿಟ್ಟು ಹೊರಟಿದ್ದನ್ನು ಫೋನಿನಲ್ಲೇ ಕೇಳಿಸಿಕೊಂಡೆ.